ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: 14 ಸಾವಿರ ಕಿಲೋಮೀಟರ್‌ಗೆ 16 ಗಂಟೆನಾ, 33 ಗಂಟೆನಾ?

ತುಂಗೆ ದಡದವಳು · 18 ಆಗಸ್ಟ್ 2024

ಎಲ್ಲರಿಗೂ ನಮಸ್ಕಾರ. ನಾನು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನ್ನಿವೇಲ್‌ನಲ್ಲಿದ್ದೇನೆ. ಅಪ್ಪ ಅಮ್ಮ ತೀರ್ಥಹಳ್ಳಿಯಲ್ಲಿ. ಅಪ್ಪನಿಗೆ 71, ಅಮ್ಮನಿಗೆ 66. ಇಬ್ಬರೂ ಇದುವರೆಗೆ ವಿಮಾನ ಹತ್ತಿದವರಲ್ಲ. ಅಂತೂ ವೀಸಾ ಸಿಕ್ಕಿತು, ಈಗ ಟಿಕೆಟ್ ತೆಗೆಯಬೇಕು. ಪಿತೃಪಕ್ಷದಲ್ಲಿ ಹೊರಡೋದಿಲ್ಲ ಅಂತ ಅಮ್ಮ ಖಡಾಖಂಡಿತ ಹೇಳಿದ್ದಾರೆ. ಅಂದರೆ ಅಕ್ಟೋಬರ್ ಮೊದಲ ವಾರ.

ನನ್ನ ಗೊಂದಲ ಇದು. ದೂರ ಎಷ್ಟು ಅಂತ ಹುಡುಕಿದರೆ ಎಲ್ಲ ಕಡೆ 13,990 ಕಿಲೋಮೀಟರ್ ಆಸುಪಾಸು ಬರುತ್ತದೆ. ಅದರಲ್ಲಿ ತಕರಾರಿಲ್ಲ. ಆದರೆ ಹೊತ್ತು? ನೇರ ವಿಮಾನಕ್ಕೆ ಹೋಗುವಾಗ 16 ಗಂಟೆ, ಬರುವಾಗ ಹದಿನೇಳೂವರೆ ತೋರಿಸುತ್ತಿದೆ. ಅದೇ ದೂರ ಅಲ್ವಾ? ಫ್ರಾಂಕ್‌ಫರ್ಟ್ ಮೇಲೆ ಹೋದರೆ 24. ಎರಡು ಕಡೆ ಇಳಿಯೋ ಅಗ್ಗದ ಟಿಕೆಟ್ ಒಂದಿದೆ, ಅದು 33 ಗಂಟೆ. ತಲೆಗೆ 30 ಸಾವಿರ ರೂಪಾಯಿ ಉಳಿಯುತ್ತದೆ. "ಮೂವತ್ತು ಸಾವಿರ ಅಂದ್ರೆ ಸುಮ್ನೇನಾ, ಅದ್ರಲ್ಲೇ ಹೋಗ್ತೀವಿ" ಅಂತಾರೆ ಅಪ್ಪ. ನನಗೆ ಧೈರ್ಯ ಸಾಲುತ್ತಿಲ್ಲ. ಹೋಗಿ ಬಂದವರು ಹೇಳಿ.

ಕಾಫಿ ಕುಡುಕ · 18 ಆಗಸ್ಟ್ 2024

ತೀರ್ಥಹಳ್ಳಿಯಿಂದ ದೇವನಹಳ್ಳಿಗೆ ಬರೋ ಏಳು ಗಂಟೆ ಸೇರಿಸಿದ್ದೀರಾ? ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲೇ ಹೋಗಿ ಕೂರಬೇಕು. ಹೆಬ್ಬಾಳ ದಾಟೋದನ್ನು ಬೇರೆಯೇ ಲೆಕ್ಕ ಹಾಕಿ. ಅಮೆರಿಕದಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು ಒಂದೂವರೆ ಗಂಟೆ. ನಿಮ್ಮ 16 ಗಂಟೆ ಆಗಲೇ 28 ಆಯ್ತು. ವಿಮಾನದ ಹೊತ್ತು ಅನ್ನೋದು ಮದುವೆ ಮಂಟಪದ ಬಾಡಿಗೆ ಇದ್ದ ಹಾಗೆ. ಖರ್ಚು ಬೇರೆ ಕಡೆ ಇರುತ್ತದೆ.

ಫ್ರೀಮಾಂಟ್ ಸೊಸೆ · 18 ಆಗಸ್ಟ್ 2024

33 ಗಂಟೆಯದು ಬೇಡ. ದಯವಿಟ್ಟು ಬೇಡ. ನಮ್ಮ ಅತ್ತೆ ಮಾವ 2022ರಲ್ಲಿ ಹಾಗೇ ಬಂದರು. ಎರಡನೇ ನಿಲ್ದಾಣದಲ್ಲಿ ರಾತ್ರಿ ಹತ್ತು ಗಂಟೆ ಹೊತ್ತು ಕಬ್ಬಿಣದ ಕುರ್ಚಿ ಮೇಲೆ ಕೂತಿದ್ದರು. ನಡುವೆ ಕೈ ಇರೋ ಕುರ್ಚಿಗಳು, ಮಲಗೋಕೂ ಬರೋದಿಲ್ಲ. ಇಲ್ಲಿ ಇಳಿದಾಗ ಅತ್ತೆಯ ಕಾಲು ಎಷ್ಟು ಊದಿತ್ತು ಅಂದರೆ ಚಪ್ಪಲಿ ಹಿಡಿಸಲಿಲ್ಲ. ಬರಿಗಾಲಲ್ಲೇ ಕಾರಿನ ತನಕ ನಡೆದರು. ಆಮೇಲೆ ಒಂದು ವಾರ ಮಾವ ನಡುರಾತ್ರಿ ಎದ್ದು ಕಾಫಿ ಮಾಡೋಕೆ ಹೋಗುತ್ತಿದ್ದರು.

ರನ್‌ವೇ ರಾಯ · 19 ಆಗಸ್ಟ್ 2024

ನಾನು ಪೈಲಟ್ ಅಲ್ಲ. ನೆಲದ ಮೇಲೆ ಕೂತು ವಿಮಾನದ ದಾರಿ, ಇಂಧನದ ಲೆಕ್ಕ ಹಾಕೋ ಕೆಲಸ ಹನ್ನೊಂದು ವರ್ಷ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಡೆದುಕೊಳ್ಳಿ.

ಮೊದಲು ಆ 13,990. ಅದು ಭೂಮಿಯ ಮೇಲೆ ಎರಡು ಊರಿನ ನಡುವಿನ ಅತಿ ಹತ್ತಿರದ ದಾರಿ. ಆ ಗೆರೆ ಮೇಲೆ ಯಾವ ವಿಮಾನವೂ ಹಾರೋದಿಲ್ಲ. ಗೆರೆ ಬೆಂಗಳೂರಿಂದ ಹೊರಟು ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟುತ್ತದೆ. ಅಲ್ಲಿಂದ ಅಲಾಸ್ಕಾ ಮೇಲೆ ಇಳಿದು ಸ್ಯಾನ್ ಫ್ರಾನ್ಸಿಸ್ಕೊಗೆ ಬರುತ್ತದೆ.

ತೊಂದರೆ ಶುರುವಾಗೋದೇ ಟಿಬೆಟ್‌ನಲ್ಲಿ. ವಿಮಾನದ ಒಳಗಿನ ಗಾಳಿಯ ಒತ್ತಡ ಹೋಯ್ತು ಅಂದುಕೊಳ್ಳಿ. ಮೇಲಿಂದ ಮುಖವಾಡಗಳು ಬೀಳುತ್ತವೆ. ಪ್ರಯಾಣಿಕರ ಆ ಆಮ್ಲಜನಕ ಬರೋದು ಕಾಲು ಗಂಟೆ ಆಚೀಚೆ ಮಾತ್ರ. ಅಷ್ಟರಲ್ಲಿ ವಿಮಾನ 10 ಸಾವಿರ ಅಡಿಗೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್, ಹತ್ತಿರ 15 ಸಾವಿರ ಅಡಿ. ಇಳಿಯೋದು ಎಲ್ಲಿಗೆ? ಅದಕ್ಕೇ ಸಾಮಾನ್ಯವಾಗಿ ಬಂಗಾಳ ಕೊಲ್ಲಿ, ಮ್ಯಾನ್ಮಾರ್ ಕಡೆ ಬಳಸಿ, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್‌ಗೆ ಹೋಗುತ್ತಾರೆ.

ಬಳಸಿದರೆ ತುಂಬಾ ದೂರ ಆಗುತ್ತದೆ ಅಂದುಕೊಳ್ಳಬೇಡಿ. ಬೆಂಗಳೂರಿಂದ ಟೋಕಿಯೊ 6,700 ಕಿ.ಮೀ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ 8,200. ಒಟ್ಟು 14,900. ನಕ್ಷೆಯಲ್ಲಿ ಊರು ಸುತ್ತಿದ ಹಾಗೆ ಕಾಣುತ್ತದೆ, ಆದರೆ ಜಾಸ್ತಿ ಆಗೋದು ಒಂಬೈನೂರು ಕಿಲೋಮೀಟರ್. ಅದೇ ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150 ಸೇರಿ 16,550. ದುಬೈ ಮೇಲೆ 15,700ರ ಹತ್ತಿರ. ಸಿಂಗಪುರದ ಮೇಲೆ 16,700 ದಾಟುತ್ತದೆ.

ಇನ್ನು 16ಕ್ಕೂ ಹದಿನೇಳೂವರೆಗೂ ಇರೋ ವ್ಯತ್ಯಾಸ. ಅದು ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಜಪಾನ್ ಆಸುಪಾಸು ಅದರ ವೇಗ ಗಂಟೆಗೆ 300 ಕಿ.ಮೀ. ದಾಟೋದೂ ಉಂಟು. ವಿಮಾನದ ಸ್ವಂತ ವೇಗ ಗಂಟೆಗೆ 900. ಬೆನ್ನಿಗೆ 150ರ ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ 1,050. ಎದುರಿಗೆ ಸಿಕ್ಕರೆ 750. ಆಕಾಶದಲ್ಲಿ ದೂರ ಅಳೆಯೋದು ಕಿಲೋಮೀಟರ್‌ನಲ್ಲಲ್ಲ, ಗಾಳಿಯಲ್ಲಿ. ಅದಕ್ಕೇ ಬರುವಾಗ ಒಮ್ಮೊಮ್ಮೆ ಈ ಹೊಳೆಗೆ ಎದುರು ಈಜೋದು ಬಿಟ್ಟು ಇನ್ನೂ ಉತ್ತರಕ್ಕೆ ಹೋಗಿ ಬರುತ್ತಾರೆ.

ಕಾಫಿ ಕುಡುಕ · 19 ಆಗಸ್ಟ್ 2024

ರಾಯರೇ, ಎಷ್ಟೋ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ನಗಬೇಡಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ ಅಲ್ವಾ? ಹಾಗಿದ್ದರೆ ವಿಮಾನ ಮೇಲೆ ಹೋಗಿ ಸುಮ್ನೆ ನಿಂತುಬಿಟ್ಟರೆ ಆಯ್ತು. ಹನ್ನೆರಡು ಗಂಟೆ ಬಿಟ್ಟು ಕೆಳಗೆ ಅಮೆರಿಕ ತಾನಾಗೇ ಬರುತ್ತದಲ್ಲ? ಪೆಟ್ರೋಲೂ ಉಳಿಯುತ್ತದೆ.

ಲೆಕ್ಕದ ಮೇಷ್ಟ್ರು · 19 ಆಗಸ್ಟ್ 2024

ಇದನ್ನು ನನಗೆ ಬಿಡಿ ರಾಯರೇ. ಮೂವತ್ತೆರಡು ವರ್ಷ ಧಾರವಾಡದಲ್ಲಿ ಗಣಿತ ಕಲಿಸಿದ್ದೇನೆ. ಈ ಪ್ರಶ್ನೆ ಕೇಳದ ಒಂದು ತರಗತಿಯನ್ನೂ ನೋಡಿಲ್ಲ.

ಓಡುವ ರೈಲಿನಲ್ಲಿ ಕೂತು ಚೆಂಡನ್ನು ಮೇಲಕ್ಕೆ ಎಸೆಯಿರಿ. ನಿಮ್ಮ ಕೈಗೇ ಬೀಳುತ್ತದೆಯೇ ಹೊರತು ಹಿಂದಿನ ಬೋಗಿಗೆ ಹೋಗೋದಿಲ್ಲ. ಯಾಕೆಂದರೆ ಎಸೆಯುವ ಮೊದಲೇ ಚೆಂಡು ರೈಲಿನ ವೇಗದಲ್ಲಿತ್ತು, ಬೋಗಿಯ ಒಳಗಿನ ಗಾಳಿಯೂ ಅದೇ ವೇಗದಲ್ಲಿತ್ತು. ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ. ಹತ್ತಿರದ ವೇಗದಲ್ಲಿ ಪೂರ್ವಕ್ಕೆ ಸುತ್ತುತ್ತಿದೆ. ಅದರ ಜೊತೆ ಗಾಳಿ, ವಿಮಾನ, ನೀವು, ನಿಮ್ಮ ಕಾಫಿ ಲೋಟ ಎಲ್ಲವೂ. ಮೇಲೆ ಹೋಗಿ ನಿಂತರೆ ದೇವನಹಳ್ಳಿ ಮೇಲೆಯೇ ನಿಂತಿರುತ್ತೀರಿ.

ರಾಯರು ಹೇಳಿದ ಆ ಗೆರೆ ಅರ್ಥವಾಗದಿದ್ದರೆ ಒಂದು ಚಕ್ಕೋತ ತನ್ನಿ. ದೇವನಹಳ್ಳಿ ಚಕ್ಕೋತವೇ ಆದರೆ ಇನ್ನೂ ಚೆನ್ನ, ವಿಮಾನ ನಿಲ್ದಾಣ ಇರೋದೇ ಅದರ ಊರಲ್ಲಿ. ತೊಟ್ಟು ಉತ್ತರ ಧ್ರುವ. ನಡುವಿಗೆ ಪೆನ್ನಿನಿಂದ ಸುತ್ತ ಒಂದು ಗೆರೆ ಎಳೆಯಿರಿ, ಅದು ಭೂಮಧ್ಯರೇಖೆ. ಅದಕ್ಕಿಂತ ಸ್ವಲ್ಪ ಮೇಲೆ ಒಂದು ಚುಕ್ಕೆ, ಬೆಂಗಳೂರು. ಹಣ್ಣಿನ ಹೆಚ್ಚು ಕಡಿಮೆ ಆಚೆ ಬದಿಗೆ ಇನ್ನೂ ಮೇಲೆ ಇನ್ನೊಂದು ಚುಕ್ಕೆ, ಸ್ಯಾನ್ ಫ್ರಾನ್ಸಿಸ್ಕೊ. ಈಗ ಎರಡರ ಮೇಲೂ ದಾರ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗೇ ಜಾರಿ ತೊಟ್ಟಿನ ಹತ್ತಿರ ಹೋಗುತ್ತದೆ. ಗೋಡೆ ಮೇಲಿನ ನಕ್ಷೆಯಲ್ಲಿ ಅಡ್ಡಗೆರೆ ನೇರ ಕಾಣುತ್ತದೆ, ಆದರೆ ನಿಜಕ್ಕೂ ಹೆಚ್ಚು ಉದ್ದದ ದಾರಿ ಅದು.

ನಾನು ನಿನ್ನೆ ಮೊಮ್ಮಗಳಿಗೆ ಇದನ್ನು ತೋರಿಸಿದೆ. ದಾರ ತೆಗೆದ ಮರುಕ್ಷಣ ಅವಳು ಉತ್ತರ ಧ್ರುವದಿಂದ ಸಿಪ್ಪೆ ಬಿಡಿಸೋಕೆ ಶುರು ಮಾಡಿದಳು.

ಮಂಡ್ಯದ ಮಗ · 20 ಆಗಸ್ಟ್ 2024

ನಾನು ಕಲಿತ ಪಾಠ ಹೇಳುತ್ತೇನೆ ಅಕ್ಕ. ಕಳೆದ ವರ್ಷ ದುಡ್ಡು ಉಳಿಸೋಕೆ ಎರಡು ಬೇರೆ ಬೇರೆ ಟಿಕೆಟ್ ತೆಗೆದೆ. ಬೆಂಗಳೂರಿಂದ ಒಂದು ಊರಿಗೆ ಒಂದು ಕಂಪನಿ, ಅಲ್ಲಿಂದ ಅಮೆರಿಕಕ್ಕೆ ಇನ್ನೊಂದು. ನಡುವೆ ಎರಡೂಮುಕ್ಕಾಲು ಗಂಟೆ ಇತ್ತು. ಸಾಕಲ್ಲ ಅಂದುಕೊಂಡೆ. ಮೊದಲನೆಯದು ಹೊರಡೋದೇ ಎರಡು ಗಂಟೆ ತಡವಾಯ್ತು. ಎರಡನೇ ಕಂಪನಿಯ ಕೌಂಟರ್‌ನಲ್ಲಿ ಹೇಳಿದ್ದು ಒಂದೇ ಮಾತು: "ನೀವು ಯಾವ ವಿಮಾನದಲ್ಲಿ ಬಂದಿರಿ ಅನ್ನೋದು ನಮಗೆ ಸಂಬಂಧ ಇಲ್ಲ." ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡಿನಲ್ಲಿ ಇನ್ನೊಂದು ಸಲ ಹೋಗಿ ಬರಬಹುದಿತ್ತು. ಬ್ಯಾಗ್ ಮೂರು ದಿನ ಬಿಟ್ಟು ಬಂತು.

ಒಂದೇ ಬುಕಿಂಗ್‌ನಲ್ಲಿ ಇದ್ದರೆ ಮುಂದಿನ ವಿಮಾನ ತಪ್ಪಿದರೂ ಇನ್ನೊಂದಕ್ಕೆ ಹತ್ತಿಸೋದು ಅವರ ಜವಾಬ್ದಾರಿ. ಅಂದರೆ ಒಂದೇ ಪಿಎನ್ಆರ್ ಇರಬೇಕು. ನಿಮ್ಮ 33 ಗಂಟೆಯದು ಹಾಗಿದೆಯಾ, ಮೊದಲು ನೋಡಿ.

ತುಂಗೆ ದಡದವಳು · 20 ಆಗಸ್ಟ್ 2024

ನೋಡಿದೆ. ಎರಡು ಪಿಎನ್ಆರ್! ಆ ವೆಬ್‌ಸೈಟ್ ಒಂದೇ ಟಿಕೆಟ್ ಅನ್ನೋ ಹಾಗೆ ತೋರಿಸುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಅದನ್ನು ಕೈಬಿಟ್ಟೆ. ಅಪ್ಪನಿಗೆ ಹೇಳಿದೆ, ಅರ್ಧ ಒಪ್ಪಿದ್ದಾರೆ. ಈಗ ನೇರ ವಿಮಾನನಾ, ಒಂದು ಕಡೆ ಇಳಿಯೋದಾ? ಅಮ್ಮನಿಗೆ ಮಂಡಿ ನೋವು. ಹದಿನಾರು ಗಂಟೆ ಒಂದೇ ಕಡೆ ಕೂರೋದು ಕಷ್ಟ ಅಲ್ವಾ?

ಫ್ರೀಮಾಂಟ್ ಸೊಸೆ · 20 ಆಗಸ್ಟ್ 2024

ನನ್ನ ಕೇಳಿದರೆ ಒಟ್ಟು ಗಂಟೆ ನೋಡಬೇಡಿ. ಅವರಿಗೆ ಎಲ್ಲಿ ಗಾಬರಿ ಆಗುತ್ತದೆ ಅದನ್ನು ನೋಡಿ. ನಮ್ಮ ಮಾವನಿಗೆ ಕೂರೋದು ಕಷ್ಟ ಆಗಲೇ ಇಲ್ಲ. ಗೊತ್ತಿಲ್ಲದ ಊರಲ್ಲಿ ಬೋರ್ಡ್ ಓದಿ, ರೈಲು ಹತ್ತಿ ಇನ್ನೊಂದು ಟರ್ಮಿನಲ್‌ಗೆ ಹೋಗಬೇಕಲ್ಲ, ಅಲ್ಲಿ ಕೈ ನಡುಗಿತು ಅಂತ ಇವತ್ತಿಗೂ ಹೇಳುತ್ತಾರೆ.

ಎರಡನೇ ಸಲ ಅವರು ನೇರ ವಿಮಾನದಲ್ಲೇ ಬಂದರು. ಬುಕ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಹಾಕಿ. ಅದಕ್ಕೆ ದುಡ್ಡಿಲ್ಲ. ನಡೆಯೋಕೆ ಬರೋರು ಯಾಕೆ ತೆಗೆದುಕೊಳ್ಳಬೇಕು ಅಂತ ಅಮ್ಮ ಕೇಳುತ್ತಾರೆ, ನಮ್ಮತ್ತೆಯೂ ಕೇಳಿದರು. ಅದು ಬರೀ ಕುರ್ಚಿ ಅಲ್ಲ, ದಾರಿ ತೋರಿಸೋ ಒಬ್ಬ ಮನುಷ್ಯ ಅಂತ ಹೇಳಿ. ಇಬ್ಬರಿಗೂ ನಡುದಾರಿ ಪಕ್ಕದ ಸೀಟು ಇರಲಿ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ಅಡುಗೆ ಕಟ್ಟೆ ತನಕ ನಡೆದು ಬರಬೇಕು. ಮಂಡಿ ಕೆಳಗೆ ಬಿಗಿಯಾಗೋ ಕಾಲುಚೀಲ ಸಿಗುತ್ತದೆ, ಡಾಕ್ಟರ್ ಹತ್ತಿರ ಕೇಳಿ ತೆಗೆದುಕೊಳ್ಳಿ.

ರನ್‌ವೇ ರಾಯ · 21 ಆಗಸ್ಟ್ 2024

ವಿಮಾನದ ಒಳಗಿನ ಗಾಳಿಯ ಬಗ್ಗೆ ಒಂದು ಮಾತು. ವಿಮಾನ 35 ಸಾವಿರ ಅಡಿಯಲ್ಲಿ ಹಾರುವಾಗ ಒಳಗಿನ ಒತ್ತಡ ನಮ್ಮ ಊರಿನ ಹಾಗೆ ಇರೋದಿಲ್ಲ. ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲೆ ಇದ್ದ ಹಾಗೆ ಇರುತ್ತದೆ. ಅಂದರೆ ನಿಮ್ಮ ಅಪ್ಪ ಅಮ್ಮ ಹದಿನಾರು ಗಂಟೆ ಮುಳ್ಳಯ್ಯನಗಿರಿ ತುದಿಯಲ್ಲೋ, ಅದಕ್ಕಿಂತ ಸ್ವಲ್ಪ ಮೇಲೋ ಕೂತ ಹಾಗೆ. ಗಾಳಿ ಮಾತ್ರ ಮಲೆನಾಡಿನದಲ್ಲ, ಒಣಗಾಳಿ. ತೇವಾಂಶ ಶೇ. 20ಕ್ಕಿಂತಲೂ ಕಡಿಮೆ ಇರುತ್ತದೆ. ತೀರ್ಥಹಳ್ಳಿಯವರಿಗೆ ಮೂಗು ಗಂಟಲು ಒಣಗಿದ್ದು ತಕ್ಷಣ ಗೊತ್ತಾಗುತ್ತದೆ. ನೀರು ಕುಡೀತಾ ಇರಬೇಕು. ಬಾತ್‌ರೂಮ್‌ಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೆ ಕೂರೋದು ನಮ್ಮ ಹಿರಿಯರ ದೊಡ್ಡ ತಪ್ಪು.

ನೇರ ವಿಮಾನ ಇರೋದೇ ಒಂದು ಸಾಹಸ ಅಂತ ಹಲವರಿಗೆ ಗೊತ್ತಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಇದನ್ನು ಶುರು ಮಾಡಿದಾಗ ಮೊದಲ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು 11ರ ಬೆಳಗಿನ ಜಾವ ಬೆಂಗಳೂರಿಗೆ ಇಳಿಸಿದರು. ಹದಿನೇಳು ಗಂಟೆಗೂ ಜಾಸ್ತಿ ಹೊತ್ತು. ಧ್ರುವದ ಕಡೆ ಹೋದರೆ ಇಂಧನ ಎಷ್ಟು ತಣ್ಣಗಾಗುತ್ತಿದೆ ಅಂತಲೂ ನೋಡ್ತಾ ಇರಬೇಕು. ಜೆಟ್ ಎ ಅನ್ನೋ ಇಂಧನ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟೋಕೆ ಶುರುವಾಗುತ್ತದೆ.

ಆ ವಿಮಾನ ಬೋಯಿಂಗ್ 777-200ಎಲ್‌ಆರ್. ಟ್ಯಾಂಕ್ ಪೂರ್ತಿ ತುಂಬಿದರೆ 1,81,000 ಲೀಟರ್. ಬೆಂಗಳೂರಿನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದರೆ 12 ಸಾವಿರ ಲೀಟರ್‌ನ ನೀರಿನ ಟ್ಯಾಂಕರ್ ಹದಿನೈದು. ಅದನ್ನೆಲ್ಲ ಹೊತ್ತು ಮೇಲೇಳಬೇಕು. ನಮ್ಮ ವಿಮಾನ ನಿಲ್ದಾಣ ಬೇರೆ ಸಮುದ್ರಮಟ್ಟಕ್ಕಿಂತ 3,000 ಅಡಿ ಮೇಲಿದೆ. ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್‌ಗೂ ಕಸುವು ಕಡಿಮೆ, ಮಧ್ಯಾಹ್ನದ ಬಿಸಿಲಿದ್ದರೆ ಇನ್ನೂ ಕಡಿಮೆ. ಚೆನ್ನೈಯಂಥ ಕಡಲ ಪಕ್ಕದ ಊರಿಂದ ಎತ್ತಬಹುದಾದಷ್ಟು ಭಾರವನ್ನು ಬೆಂಗಳೂರಿಂದ ಎತ್ತೋಕಾಗೋದಿಲ್ಲ. ಊರಿನ ತಂಪು ಹವೆಗೆ ನಾವು ಕೊಡೋ ಬೆಲೆ ಇದು.

ಕಾಫಿ ಕುಡುಕ · 21 ಆಗಸ್ಟ್ 2024

ಹದಿನೈದು ಟ್ಯಾಂಕರ್! ನಮ್ಮ ಅಪಾರ್ಟ್‌ಮೆಂಟ್‌ನವರು ಇದನ್ನು ಓದಿದರೆ ಏಪ್ರಿಲ್‌ನಲ್ಲಿ ವಿಮಾನದ ಹಿಂದೆ ಓಡುತ್ತಾರೆ.

ಅಮೆರಿಕದ ಕಂಪನಿಗಳೂ ಬೆಂಗಳೂರಿಗೆ ನೇರ ವಿಮಾನ ಬಿಡ್ತೀವಿ ಅಂದಿದ್ದವಲ್ಲ, ಏನಾಯ್ತು ರಾಯರೇ?

ರನ್‌ವೇ ರಾಯ · 21 ಆಗಸ್ಟ್ 2024

ಅಂದಿದ್ದರು. 2020ರಲ್ಲಿ ಒಬ್ಬರು ಸಿಯಾಟಲ್‌ನಿಂದ, ಇನ್ನೊಬ್ಬರು ಸ್ಯಾನ್ ಫ್ರಾನ್ಸಿಸ್ಕೊದಿಂದ ಬಿಡ್ತೀವಿ ಅಂತ ಘೋಷಿಸಿದರು. ಕೋವಿಡ್ ಕಾಲ, ಮುಂದೂಡಿದರು. ಆಮೇಲೆ 2022ರಲ್ಲಿ ಉಕ್ರೇನ್ ಯುದ್ಧ. ರಷ್ಯಾದ ಆಕಾಶ ಅಮೆರಿಕ, ಯುರೋಪಿನ ಕಂಪನಿಗಳಿಗೆ ಮುಚ್ಚಿತು. ಮೇಷ್ಟ್ರ ಚಕ್ಕೋತ ನೆನಪಿಸಿಕೊಳ್ಳಿ. ತೊಟ್ಟಿನ ಸುತ್ತ ಇರೋ ಜಾಗದಲ್ಲಿ ಅರ್ಧಕ್ಕರ್ಧ ರಷ್ಯಾ. ಅದು ಇಲ್ಲ ಅಂದರೆ ದಾರ ಎಳೆಯೋದು ಎಲ್ಲಿಂದ? ಆ ಎರಡೂ ವಿಮಾನ ಇವತ್ತಿಗೂ ಹಾರಿಲ್ಲ. ಭಾರತದ ಕಂಪನಿಗಳಿಗೆ ರಷ್ಯಾ ತೆರೆದೇ ಇದೆ.

ಲೆಕ್ಕದ ಮೇಷ್ಟ್ರು · 22 ಆಗಸ್ಟ್ 2024

ಗಾಳಿಯ ಹೊಳೆ ಅಂದಿರಲ್ಲ, ಒಂದು ಸ್ವಾರಸ್ಯ. ಅದನ್ನು ಮೊದಲು ಸರಿಯಾಗಿ ಅಳೆದವರಲ್ಲಿ ವಾಸಾಬುರೊ ಓಯಿಶಿ ಅಂತ ಜಪಾನಿನ ಹವಾಮಾನ ವಿಜ್ಞಾನಿ ಒಬ್ಬರು. 1920ರ ದಶಕದಲ್ಲಿ ಬಲೂನ್ ಹಾರಿಸಿ ಹಾರಿಸಿ ಲೆಕ್ಕ ಇಟ್ಟರು. ಇಡೀ ಜಗತ್ತಿಗೆ ತಿಳಿಯಲಿ ಅಂತ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಯಾವ ದೇಶದ್ದೂ ಅಲ್ಲದ, ಎಲ್ಲರಿಗೂ ಅಂತ ಕಟ್ಟಿದ ಭಾಷೆ ಅದು. ಹಾಗಾಗಿ ಯಾರೂ ಓದಲಿಲ್ಲ.

ತಿಪಟೂರು ತೆಂಗು · 24 ಆಗಸ್ಟ್ 2024

ದಾರಿ ಬಿಡಿ, ಬ್ಯಾಗ್ ವಿಷಯಕ್ಕೆ ಬರೋಣ. ಇಡಿ ಕೊಬ್ಬರಿ ಗಿಟುಕು ಚೆಕ್ ಇನ್ ಬ್ಯಾಗಿನಲ್ಲಿ ಹಾಕಬೇಡಿ. 2022ರಿಂದ ಬಿಡೋದಿಲ್ಲ. ಎಣ್ಣೆ ಜಾಸ್ತಿ ಇರೋದರಿಂದ ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ. ತಿಪಟೂರಿನವನಾಗಿ ಇದನ್ನು ಬರೆಯೋಕೆ ನನಗೆಷ್ಟು ಸಂಕಟ ನೋಡಿ.

ಫ್ರೀಮಾಂಟ್ ಸೊಸೆ · 24 ಆಗಸ್ಟ್ 2024

ಹಸಿ ಕರಿಬೇವೂ ಬೇಡ. ಅಮೆರಿಕದ ಕಸ್ಟಮ್ಸ್‌ನಲ್ಲಿ ಹಿಡಿದು ಬಿಸಾಡುತ್ತಾರೆ. ಕರಿಬೇವು ಕಿತ್ತಳೆಯ ಕುಟುಂಬಕ್ಕೆ ಸೇರಿದ್ದು. ಅದರ ಎಲೆ ಮೇಲೆ ಬರೋ ಒಂದು ಪುಟ್ಟ ಹುಳ ಇಲ್ಲಿನ ಕಿತ್ತಳೆ ತೋಟಕ್ಕೆ ರೋಗ ಹಚ್ಚುತ್ತದೆ ಅಂತ ಅವರಿಗೆ ಭಯ. ಚಟ್ನಿಪುಡಿ, ಸಾರಿನಪುಡಿಗೆ ತೊಂದರೆ ಇಲ್ಲ. ಆದರೆ ತಿನ್ನೋ ವಸ್ತು ಇದೆ ಅಂತ ಕಸ್ಟಮ್ಸ್‌ನವರಿಗೆ ಹೇಳಿಯೇ ಹೇಳಲಿ. ತಂದದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ ದಂಡ. ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ, ಅದನ್ನು ದ್ರವ ಅಂತ ಲೆಕ್ಕ ಹಾಕುತ್ತಾರೆ.

ಮತ್ತೆ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಡಾಕ್ಟರ ಚೀಟಿ ಸಮೇತ.

ತುಂಗೆ ದಡದವಳು · 25 ಆಗಸ್ಟ್ 2024

ನೇರ ವಿಮಾನಕ್ಕೇ ಬುಕ್ ಮಾಡಿದೆ. ಅದು ವಾರದ ಎಲ್ಲ ದಿನ ಇಲ್ಲ. ಅಕ್ಟೋಬರ್ 5, ಶನಿವಾರ ಸಿಕ್ಕಿತು. ಮಧ್ಯಾಹ್ನ ಎರಡರ ಸುಮಾರಿಗೆ ಹೊರಟು ಅದೇ ಶನಿವಾರ ಸಂಜೆ ಐದೂವರೆಗೆ ಇಲ್ಲಿ.

ಈಗ ಹೊಸ ತಾಪತ್ರಯ. ಅಮ್ಮನಿಗೆ ಶನಿವಾರ ಒಪ್ಪತ್ತು. ಮದುವೆಯಾದಾಗಿನಿಂದ ತಪ್ಪಿಸಿಲ್ಲ. ಮಧ್ಯಾಹ್ನ ಒಂದು ಊಟ, ಆಮೇಲೆ ಹಾಲು ಹಣ್ಣು ಅಷ್ಟೇ. "ಎರಡು ಗಂಟೆಗೆ ಹತ್ತಿ ಐದೂವರೆಗೆ ಇಳಿದ್ರೆ ಮೂರೂವರೆ ಗಂಟೆ ತಾನೆ, ಆರಾಮಾಯ್ತು" ಅಂದರು. ಹಾಗಲ್ಲಮ್ಮ, ನಡುವೆ ಹದಿನಾರು ಗಂಟೆ ಇದೆ ಅಂದೆ. "ಹಾಗಾದ್ರೆ ಆ ಶನಿವಾರ ಎಷ್ಟೊತ್ತು ಇರುತ್ತೆ?" ಅಂದರು. ನನಗೆ ಉತ್ತರ ಬರಲಿಲ್ಲ. ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು · 25 ಆಗಸ್ಟ್ 2024

ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ. ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅವರ ಶನಿವಾರ ತೀರ್ಥಹಳ್ಳಿಯ ನಡುರಾತ್ರಿ ಹನ್ನೆರಡಕ್ಕೆ ಶುರುವಾಗಿ ಸನ್ನಿವೇಲ್‌ನ ನಡುರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ಇಪ್ಪತ್ತನಾಲ್ಕಕ್ಕೆ ಹನ್ನೆರಡೂವರೆ ಕೂಡಿಸಿ. ಮೂವತ್ತಾರೂವರೆ ಗಂಟೆಯ ಶನಿವಾರ.

ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆಮೇಲೆ ಮಾರ್ಚ್ ಎರಡನೇ ಭಾನುವಾರದವರೆಗೆ ವ್ಯತ್ಯಾಸ ಹದಿಮೂರೂವರೆ. ನಮ್ಮ ಅರ್ಧ ಗಂಟೆ ಯಾವಾಗಲೂ ಬಾಲದ ಹಾಗೆ ಇರುತ್ತದೆ.

ಒಪ್ಪತ್ತಿಗೆ ಒಂದು ದಾರಿ ಇದೆ. ನಮ್ಮ ವಾರ ಬದಲಾಗೋದು ನಡುರಾತ್ರಿಗಲ್ಲ, ಸೂರ್ಯ ಹುಟ್ಟಿದಾಗ. ಕಿಟಕಿ ನೋಡ್ತಾ ಇರಲಿ.

ಕಾಫಿ ಕುಡುಕ · 25 ಆಗಸ್ಟ್ 2024

ಮೂವತ್ತಾರೂವರೆ ಗಂಟೆ ಶನಿವಾರ. ನನ್ನ ಮ್ಯಾನೇಜರ್‌ಗೆ ಯಾರೂ ಹೇಳಬೇಡಿ.

ತುಂಗೆ ದಡದವಳು · 7 ಅಕ್ಟೋಬರ್ 2024

ಬಂದರು! ಇಬ್ಬರೂ ಚೆನ್ನಾಗಿದ್ದಾರೆ. ಮಲಗಿದ್ದಾರೆ ಅಂದುಕೊಂಡಿದ್ದೆ, ಈಗ ರಾತ್ರಿ ಎರಡು ಗಂಟೆ, ಅಡುಗೆಮನೆಯಲ್ಲಿ ಪಾತ್ರೆ ಸದ್ದು ಕೇಳುತ್ತಿದೆ.

ಅಪ್ಪ ಹದಿನಾರು ಗಂಟೆಯೂ ಮುಂದಿನ ಸೀಟಿನ ಪರದೆಯಲ್ಲಿ ನಕ್ಷೆ ನೋಡಿಕೊಂಡು ಬಂದಿದ್ದಾರೆ. ಸಿನಿಮಾ ಹಾಕಿಲ್ಲ. ಒಂದು ಹಳೇ ಡೈರಿಯಲ್ಲಿ ಗಂಟೆಗೊಮ್ಮೆ ವೇಗ ಬರೆದಿಟ್ಟಿದ್ದಾರೆ. 890, 902, 915, ಜಪಾನ್ ದಾಟಿದ ಮೇಲೆ 1,040, 1,066. ಪಕ್ಕದಲ್ಲಿ "ಗಾಳಿ" ಅಂತ ಒಂದು ಬಾಣದ ಗುರುತು. ರಾಯರೇ, ನಿಮ್ಮ ಪೋಸ್ಟನ್ನು ಓದಿ ಹೇಳಿದ್ದೆ, ಅದರ ಫಲ. ಎಷ್ಟು ದೂರ ಆಯ್ತಪ್ಪ ಅಂದರೆ "ಹದಿನೈದು ಸಾವಿರಕ್ಕೆ ನಲವತ್ತು ಕಮ್ಮಿ" ಅಂದರು.

ಅಮ್ಮನ ಒಪ್ಪತ್ತು: ವಿಮಾನ ಹತ್ತೋ ಮುಂಚೆ ನಿಲ್ದಾಣದಲ್ಲೇ ಬುತ್ತಿ ಬಿಚ್ಚಿ ಊಟ ಮಾಡಿದ್ದಾರೆ. ವಿಮಾನದಲ್ಲಿ ಎರಡು ಸಲ ಊಟ ಕೊಟ್ಟರೂ ಬಾಳೆಹಣ್ಣು, ಮೊಸರು ಮಾತ್ರ. ಪೆಸಿಫಿಕ್ ಮೇಲೆ ಕಿಟಕಿಯಲ್ಲಿ ಬೆಳಕು ಹರಿಯಿತಂತೆ. ಅಪ್ಪ "ನೋಡು, ಸೂರ್ಯ ಹುಟ್ಟಿದ, ಭಾನುವಾರ ಬಂತು, ತಿನ್ನು" ಅಂದರಂತೆ. ಸ್ವಲ್ಪ ಹೊತ್ತಿಗೆ ಪಕ್ಕದ ಹುಡುಗ ಒಬ್ಬ, ಈಗ ತಾರೀಖು ಬದಲಾಗೋ ಗೆರೆ ದಾಟಿದೆವು ಅಜ್ಜಿ, ಮತ್ತೆ ಶನಿವಾರ ಅಂದನಂತೆ. ಅಮ್ಮ ಚಮಚ ಕೆಳಗಿಟ್ಟರಂತೆ.

ಮನೆ ತಲುಪಿದಾಗ ಇಲ್ಲಿ ಸಂಜೆ ಏಳೂವರೆ. ಅಮ್ಮನ ಕೈಗಡಿಯಾರ ಇನ್ನೂ ತೀರ್ಥಹಳ್ಳಿಯಲ್ಲೇ ಇತ್ತು, ಬೆಳಗ್ಗೆ ಎಂಟು. "ನಮ್ಮೂರಲ್ಲಿ ಸೂರ್ಯ ಹುಟ್ಟಿ ಆಯ್ತು" ಅಂತ ಹೇಳಿ ಕೂತು ಎರಡು ತಟ್ಟೆ ಉಪ್ಪಿಟ್ಟು ತಿಂದರು.

ಕರಿಬೇವು ತಂದಿರಲಿಲ್ಲ. ಬೀಜ ತಂದಿದ್ದರು. ಬೀಜ ತರಬಾರದು ಅಂತ ನೀವು ಯಾರೂ ಬರೆದಿರಲಿಲ್ಲ ಅನ್ನೋದು ಅವರ ವಾದ. ಕಸ್ಟಮ್ಸ್‌ನವರು ಒಪ್ಪಲಿಲ್ಲ.

ಫ್ರೀಮಾಂಟ್ ಸೊಸೆ · 7 ಅಕ್ಟೋಬರ್ 2024

ತಪ್ಪು ನನ್ನದೇ. ಗಿಡ ಬೇಕಿದ್ದರೆ ನಮ್ಮ ಮನೆ ಹಿಂದೆ ಎರಡಿದೆ, ಕುಂಡ ತಂದರೆ ಒಂದು ಮರಿ ಕೊಡುತ್ತೇನೆ. ನಿದ್ದೆಗೆ: ಬೆಳಗ್ಗೆ ಎದ್ದ ಕೂಡಲೇ ಹೊರಗೆ ಬಿಸಿಲಲ್ಲಿ ನಡೆಸಿ. ಮಧ್ಯಾಹ್ನ ಮಲಗೋಕೆ ಬಿಡಬೇಡಿ. ಒಂದು ವಾರದ ಮೇಲೆ ಬೇಕಾಗುತ್ತದೆ.

ತುಂಗೆ ದಡದವಳು · 4 ಮಾರ್ಚ್ 2025

ಅಪ್ಪ ಅಮ್ಮ ವಾಪಸ್ ಹೋದರು. ಶನಿವಾರ ಮಾರ್ಚ್ 1ರ ರಾತ್ರಿ ಎಂಟೂವರೆಗೆ ಇಲ್ಲಿಂದ ಹೊರಟು, ಸೋಮವಾರ ಬೆಳಗಿನ ಜಾವ ಮೂರೂವರೆ ದಾಟಿದ ಮೇಲೆ ಬೆಂಗಳೂರು. ಭಾನುವಾರ ಪೂರ್ತಿ ಆಕಾಶದಲ್ಲೇ ಹೋಯ್ತು.

ಅಪ್ಪನ ಬಿಪಿ ಮಾತ್ರೆಗೆ ಏಳು ಮನೆ ಇರೋ ಡಬ್ಬಿ ಕೊಟ್ಟಿದ್ದೆ. ಅದರಲ್ಲಿ ಭಾನುವಾರದ ಮಾತ್ರೆ ಯಾವಾಗ ನುಂಗಬೇಕು ಅಂತ ಹೊರಡೋ ಮುಂಚೆ ಅರ್ಧ ಗಂಟೆ ಚರ್ಚೆ. ಡಾಕ್ಟರ್‌ಗೆ ಫೋನ್ ಮಾಡಿದೆ. ವಾರ ನೋಡಬೇಡಿ, ಹಿಂದಿನ ಮಾತ್ರೆಯಿಂದ 24 ಗಂಟೆ ಎಣಿಸಿ ಅಂದರು. ಫೋನ್‌ನಲ್ಲಿ ಅಲಾರಂ ಇಟ್ಟುಕೊಟ್ಟೆ. ವಿಮಾನ ಎಲ್ಲೋ ಹಿಮದ ಮೇಲೆ ಹೋಗುವಾಗ ಅಲಾರಂ ಹೊಡೆದು ಮೂರು ಸಾಲಿನವರು ಎದ್ದರಂತೆ.

ಹೊಸನಗರ ಹೊಸಬ · 9 ಮೇ 2025

ಹಳೇ ಚರ್ಚೆ ಎಬ್ಬಿಸಿದ್ದಕ್ಕೆ ಕ್ಷಮಿಸಿ. ನಮ್ಮ ಅತ್ತೆ ಮಾವ ಮುಂದಿನ ತಿಂಗಳು ಹೊರಡೋರು. ಪಾಕಿಸ್ತಾನ ಆಕಾಶ ಮುಚ್ಚಿದೆಯಲ್ಲ, ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಹೊತ್ತು ಜಾಸ್ತಿ ಆಗುತ್ತಾ?

ರನ್‌ವೇ ರಾಯ · 9 ಮೇ 2025

ಏಪ್ರಿಲ್ 24ರಿಂದ ಭಾರತದ ಕಂಪನಿಗಳ ವಿಮಾನಕ್ಕೆ ಮುಚ್ಚಿದ್ದಾರೆ. ಹೆಚ್ಚು ಪೆಟ್ಟು ಬಿದ್ದಿರೋದು ದೆಹಲಿಯಿಂದ ಪಶ್ಚಿಮಕ್ಕೆ ಹೋಗೋ ವಿಮಾನಗಳಿಗೆ. ಅರಬ್ಬಿ ಸಮುದ್ರದ ಕಡೆ ಬಳಸಬೇಕು. ಅಮೆರಿಕಕ್ಕೆ ಹೋಗೋ ಕೆಲವು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗುತ್ತಿವೆ. ಬೆಂಗಳೂರಿಂದ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೋಗೋ ದಾರಿ ಪಾಕಿಸ್ತಾನವನ್ನು ಮುಟ್ಟೋದೇ ಇಲ್ಲ. ಫ್ರಾಂಕ್‌ಫರ್ಟ್ ಮೇಲೆ ಬೇರೆ ದೇಶದ ಕಂಪನಿಯಲ್ಲಿ ಹೋಗೋದಾದರೆ ಅವರಿಗೆ ಈ ಆದೇಶ ಇಲ್ಲ, ಆದರೆ ಕೆಲವರು ತಾವಾಗೇ ಬಳಸಿ ಹೋಗುತ್ತಿದ್ದಾರೆ. ಹೊರಡೋ ಎರಡು ದಿನ ಮೊದಲು ಹೊತ್ತು ಬದಲಾಗಿದೆಯಾ ಅಂತ ಒಮ್ಮೆ ನೋಡಿ. ಇಳಿದು ಹತ್ತೋದಿದ್ದರೆ ನಡುವೆ ಮೂರು ಗಂಟೆಗಿಂತ ಕಡಿಮೆ ಬೇಡ.

ಹೊಸನಗರ ಹೊಸಬ · 10 ಮೇ 2025

ಧನ್ಯವಾದ ರಾಯರೇ. ಇನ್ನೊಂದು. ಅತ್ತೆ ಮಾವಿನಮಿಡಿ ಉಪ್ಪಿನಕಾಯಿ ಐದು ಕಿಲೋ ತರ್ತೀನಿ ಅಂತಿದ್ದಾರೆ...

ಫ್ರೀಮಾಂಟ್ ಸೊಸೆ · 10 ಮೇ 2025

ಚೆಕ್ ಇನ್ ಬ್ಯಾಗಿನಲ್ಲಿ. ಎರಡು ಪದರ ಪ್ಲಾಸ್ಟಿಕ್, ಮೇಲೆ ಟೇಪು, ಅದರ ಮೇಲೊಂದು ಹಳೇ ಟವಲು. ಬಟ್ಟೆ ಬೇರೆ ಬ್ಯಾಗಿನಲ್ಲಿ ಇಡೋಕೆ ಹೇಳಿ.